ಟ್ರಂಕಿನಲ್ಲಿಟ್ಟ ನೀಲಿ ಜರ್ಸಿ

ಇವತ್ತು ಮಗಳು ನೀಲಿ ಬಟ್ಟೆ ತಂದು ನನ್ನ ಹೊಲಿಗೆ ಮಷಿನ್ ಮೇಲಿಟ್ಟಳು. ಹೊಸ ನೈಲಾನ್ ವಾಸನೆ ಮೂಗಿಗೆ ಬಡಿದದ್ದೇ ಅಪ್ಪನ ಟ್ರಂಕು ನೆನಪಾಯಿತು.

ನಾನು ಚಿಕ್ಕವನಿದ್ದಾಗ ನಮ್ಮ ರಾಯದುರ್ಗದ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹಳದಿ ಜರ್ಸಿ ಹೊಲಿಯುತ್ತಿದ್ದವನು ಅಪ್ಪ. ತಂಡದ ಜೀವವೆಂದರೆ ನಮ್ಮ ಓಣಿಯ ತಿಪ್ಪಣ್ಣ. ಅವನ ಆಟವಿದ್ದರೆ ಜೀನ್ಸ್ ಹೊಲಿಯುವ ಶೆಡ್ಡುಗಳೆಲ್ಲ ಖಾಲಿ. ಒಂದು ದಿನ ಅವನೇ ನೀಲಿ ಬಟ್ಟೆ ತಂದ. ಬಳ್ಳಾರಿ ತಂಡದವರು ಕರೆದಿದ್ದರಂತೆ; ಅವರ ಜರ್ಸಿ ನೀಲಿ. ಅವತ್ತು ನನಗೆ ಅನ್ನ ಇಳಿಯಲಿಲ್ಲ.

ಅಪ್ಪ ಜರ್ಸಿ ಹೊಲಿದು, ಮಡಚಿ, ಟ್ರಂಕಿನಲ್ಲಿ ಬಚ್ಚಿಟ್ಟ. ತಿಪ್ಪಣ್ಣ ಬಂದಾಗಲೆಲ್ಲ, "ನಾಳೆ ಬಾರಪ್ಪ, ಅಂಚು ಹೊಲಿಯೋದೈತಿ" ಎನ್ನುತ್ತಿದ್ದ. ದರ್ಜಿಯ ನಾಳೆಯನ್ನು ಯಾರು ಅನುಮಾನಿಸುತ್ತಾರೆ?

"ಯಾಕ ಸುಳ್ಳು ಹೇಳ್ತೀರಿ?" ಎಂದಳು ಅಮ್ಮ.

"ಕೊಟ್ರ ಹೋಗಿಬಿಡ್ತಾನ," ಅಪ್ಪ ಪಿಸುಗುಟ್ಟಿದ.

ಟ್ರಂಕು ಮುಚ್ಚಿರುವವರೆಗೆ ತಿಪ್ಪಣ್ಣ ನಮ್ಮವನು ಎಂದು ನಾನು ಅದರ ಮೇಲೆಯೇ ಕೂತು ಓದುತ್ತಿದ್ದೆ. ಆಮೇಲೆ ಅವನು ಬರುವುದು ನಿಂತಿತು. ಗೆದ್ದೆವು ಅಂದುಕೊಂಡೆ. ಆದರೆ ಅವನು ನಮ್ಮ ಹಳದಿ ಜರ್ಸಿಯಲ್ಲೇ ಬಳ್ಳಾರಿ ಬಸ್ಸು ಹತ್ತಿದ್ದ.

"ಅಪ್ಪಾ, ಅನಂತಪುರದ ತಂಡಕ್ಕ ಆಯ್ಕೆ ಆಗೀನಿ. ಜರ್ಸಿ ಯಾವಾಗ ಕೊಡ್ತೀರಿ?" ಮಗಳು ಕೇಳುತ್ತಿದ್ದಾಳೆ.

ನಾಳೆ ಎನ್ನಲು ಬಾಯಿ ತೆರೆದೆ. ಅವಳು ನಮ್ಮೂರ ತಂಡದ ಹಳದಿ ಜರ್ಸಿ ತೊಟ್ಟೇ ನಿಂತಿದ್ದಳು.