ನಾಯಕಿಗೆ ನಾನು ಕೊಟ್ಟ ವಿಳಾಸ

೧೯೯೮ ಆಗಸ್ಟ್ ೯, ಭಾನುವಾರ, ಬೆಳಿಗ್ಗೆ ಹತ್ತೂಕಾಲು. ಭದ್ರಾವತಿಯ ಕ್ವಾರ್ಟರ್ಸ್ ಒಂದರಲ್ಲಿ ಬಾಗಿಲು ತೆರೆದ ಹೆಂಗಸು ನನ್ನ ಹೆಸರು ಕೇಳಿ ನಕ್ಕರು. "ಕಥೆ ಬರೆಯೋಳು ನೀನೇನಾ? ಮುದುಕಿ ಅಂದ್ಕೊಂಡಿದ್ದೆ!" ಎಂದು ಕಾಗದದ ಕಟ್ಟು ತಂದಿಟ್ಟರು. ಎಣಿಸಿದೆ, ಹದಿನೇಳು. ಎಲ್ಲವೂ ಪತ್ರಿಕೆಯಲ್ಲಿ ಬರುತ್ತಿದ್ದ ನನ್ನ ವೈಜ್ಞಾನಿಕ ಧಾರಾವಾಹಿಯ ನಾಯಕಿ ಸುಮಿತ್ರಾಳಿಗೆ ಓದುಗರು ಬರೆದವು. ಅನ್ಯಗ್ರಹದಿಂದ ಅವಳು ತಾಯಿಗೆ ಕಾಗದ ಬರೆಯುವ ಕಂತಿನಲ್ಲಿ, ನಿಜವೆನಿಸಲಿ ಎಂದು ಈ ಕ್ವಾರ್ಟರ್ಸ್‌ನ ವಿಳಾಸಕ್ಕೆ ಮನಸ್ಸಿಗೆ ತೋಚಿದ ಮನೆ ನಂಬರು ಹಾಕಿದ್ದೆ. ಆ ಮನೆಯವರು ಪತ್ರಿಕೆಗೆ ಕಾರ್ಡು ಬರೆದ ಮೇಲೆ, ಕ್ಷಮೆ ಕೇಳಲು ಶಿವಮೊಗ್ಗದಿಂದ ಬಂದಿದ್ದೆ.

"ತಪ್ಪಾಯ್ತಮ್ಮ. ಅವಳು ಬರೀ ಕಲ್ಪನೆ," ಎಂದೆ.

ಆಕೆ ಗೋಡೆಯ ಫೋಟೊ ತೋರಿಸಿದರು. ಹುಡುಗಿಯ ಎಡಹುಬ್ಬಿನ ಮೇಲೆ ಗಾಯದ ಗುರುತು, ನಾನು ಎರಡನೇ ಕಂತಿನಲ್ಲಿ ಬರೆದಂತೆಯೇ. "ನನ್ನ ಮಗಳು ಸುಮಿತ್ರಾ. ಮನೆ ಬಿಟ್ಟು ಆರು ವರ್ಷ ಆಯ್ತು. ಎಲ್ಲಿದಾಳೆ ಅಂತ ಕೇಳಲ್ಲ ಮಾರಾಯ್ತಿ. ವಾಪಸ್ ಬರ್ತಾಳೋ ಇಲ್ವೋ, ಅಷ್ಟು ಹೇಳು."

ಕೊನೆಯ ಕಂತನ್ನು ಹಿಂದಿನ ದಿನವೇ ಅಂಚೆಗೆ ಹಾಕಿದ್ದೆ. ಅದರಲ್ಲಿ ನಾಯಕಿಯ ನೌಕೆ ಸುಟ್ಟುಹೋಗುತ್ತದೆ. "ಬರ್ತಾಳೆ" ಎಂದುಬಿಟ್ಟೆ.

ಅಂದೇ, ಅವಳು ಮನೆಗೆ ಮರಳುವ ಬೇರೆ ಕೊನೆ ಬರೆದು ಕಳಿಸಿದೆ, ಅದೇ ಅಚ್ಚಾಯಿತು. ಆ ಹೆಸರು, ಆ ಗಾಯ ನನಗೆ ಎಲ್ಲಿಂದ ಹೊಳೆದವೆಂದು ಎಂಟು ವರ್ಷದ ಡೈರಿಗಳನ್ನು ತಿರುವಿದೆ, ಫೋಟೊದ ಹುಡುಗಿಯನ್ನು ಎಲ್ಲೂ ಕಂಡ ದಾಖಲೆಯಿಲ್ಲ. ಎಡಹುಬ್ಬಿನ ಮೇಲೆ ಗಾಯವಿರುವ ಸುಮಿತ್ರಾಳನ್ನು ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ನಾನು ಕೊಟ್ಟ ಮಾತು ಬಾಕಿಯಿದೆ.