ಡಾಲ್ಫ್ ಸುಮ್ಮನೆ ಕಟ್ಟುತ್ತಿದ್ದ ವಂತಿಗೆ

ನಮ್ಮತ್ತೆ ಆರ್ಡಿತ್‌ಗೆ ಕುತೂಹಲ ಅನ್ನುವುದು ಕಾಯಿಲೆ! ಫ್ಲೋರಿಡಾದ ನಮ್ಮೂರಲ್ಲಿ ಕಿತ್ತಳೆ ಕಮಿಟಿಯ ದುಡ್ಡು ನೋಡಿಕೊಳ್ಳುವುದು ಅವಳ ಕೆಲಸ. ಮಾರ್ಕೆಟ್ಟಿಗೆ ಹೋಗುವ ಪ್ರತಿ ಪೆಟ್ಟಿಗೆಗೂ ಪ್ಯಾಕಿಂಗ್ ಶೆಡ್ಡಿನವರು ಕೆಲವು ಸೆಂಟು ವಂತಿಗೆ ಕೊಡಬೇಕು. ಜಾಹೀರಾತು, ರೋಗದ ಸಂಶೋಧನೆ ಎಲ್ಲ ಅದರಿಂದಲೇ. ಆಫೀಸಲ್ಲೇ ಕೂತು ಲೆಕ್ಕ ಮುಗಿಸಬಹುದು. ಆದರೆ ಅತ್ತೆ ಜೇಬಲ್ಲಿ ಚಾಕು ಇಟ್ಟುಕೊಂಡು ಶೆಡ್ಡಿಂದ ಶೆಡ್ಡಿಗೆ ಹೋಗುತ್ತಾಳೆ, ಒಂದು ಹಣ್ಣು ಅಡ್ಡ ಕೊಯ್ದು ತಿಂದು ನೋಡುತ್ತಾಳೆ, ಆಮೇಲೇ ಲೆಕ್ಕ ಒಪ್ಪುತ್ತಾಳೆ.

ಈ ಡಿಸೆಂಬರಲ್ಲಿ ನಾನೂ ಜೊತೆಗೆ ಹೋಗಿದ್ದೆ. ಡಾಲ್ಫ್ ಟಿಲ್‌ಮನ್‌ರ ಶೆಡ್ಡಿನಲ್ಲಿ ಹಣ್ಣು ಸಾಗಿಸುವ ಬೆಲ್ಟ್ ನಿಂತಿತ್ತು. ಲಾರಿಯೇ ಇಲ್ಲ! ಅವರ ಹೆಂಡತಿ ಒಬ್ಬರೇ ಕೂತು ಪುಟ್ಟ ಪೆಟ್ಟಿಗೆಗಳಿಗೆ ಕೆಂಪು ರಿಬ್ಬನ್ ಕಟ್ಟುತ್ತಿದ್ದರು. ಎಲ್ಲವೂ ಕ್ರಿಸ್‌ಮಸ್ ಉಡುಗೊರೆ, ನೇರವಾಗಿ ಜನರ ಮನೆಗೆ ಹೋಗುವಂಥವು. ಆದರೂ ಡಾಲ್ಫ್ ಮುಂದಿಟ್ಟ ಲೆಕ್ಕದಲ್ಲಿ ಪ್ರತಿ ಪೆಟ್ಟಿಗೆಗೂ ವಂತಿಗೆ ಕಟ್ಟಿತ್ತು.

"ಮಿಸ್ಟರ್ ಡಾಲ್ಫ್, ಉಡುಗೊರೆ ಪೆಟ್ಟಿಗೆಗೆ ವಂತಿಗೆ ಇಲ್ಲ ಅಂತ ನಿಮಗೆ ಗೊತ್ತಲ್ವಾ?"

"ಗೊತ್ತಿಲ್ದೆ ಏನು? ಆ ರೂಲ್ ಬರೆಯೋವಾಗ ಉಡುಗೊರೆಗೆ ವಂತಿಗೆ ಬೇಡ ಅಂತ ನಾನೇ ಜಗಳ ಆಡಿದ್ದೆ."

"ಮತ್ಯಾಕೆ ವಂತಿಗೆ ಕಟ್ತಿದೀರಿ?"

"ನನ್ನ ದುಡ್ಡು, ನನ್ನಿಷ್ಟ. ಹಣ್ಣು ತಿನ್ನಮ್ಮ, ಸುಮ್ನೆ."

ಅತ್ತೆ ತಿಂದಳು. ಸುಮ್ಮನಾಗಲಿಲ್ಲ! ದುಡ್ಡು ಬಚ್ಚಿಡುವವರನ್ನು ಅವಳು ನೋಡಿದ್ದಳು. ಕೊಡಬೇಕಾಗಿಲ್ಲದ್ದನ್ನು ಕೊಡುವವರನ್ನು ನೋಡಿರಲಿಲ್ಲ. ದಾರಿಯುದ್ದಕ್ಕೂ "ಯಾಕಿರಬಹುದು? ಯಾಕಿರಬಹುದು?" ಅಂತ ನನ್ನ ತಲೆ ತಿಂದಳು. ರೋಗ ಬಂದು ಮುಕ್ಕಾಲು ಒಣಗಿದ್ದ ಡಾಲ್ಫರ ತೋಟ ಕಂಡಾಗ ತಟ್ಟನೆ ಕಾರನ್ನು ಅವರ ಶೆಡ್ಡಿಗೆ ವಾಪಸ್ ತಿರುಗಿಸಿದಳು.

"ಕುರ್ಚಿಗೋಸ್ಕರ, ಅಲ್ವಾ?"

ಡಾಲ್ಫ್ ಟೋಪಿ ತೆಗೆದರು. ವಂತಿಗೆ ಕಟ್ಟಿ ಮಾರ್ಕೆಟ್ಟಿಗೆ ಹಣ್ಣು ಸಾಗಿಸುವವರಿಗೆ ಮಾತ್ರ ಕಮಿಟಿಯ ಮೇಜಿನಲ್ಲಿ ಜಾಗ. ಅಲ್ಲಿ ಅವರ ಹಸಿರು ದಿಂಬಿರುವ ಕುರ್ಚಿ ಊರಿಗೆಲ್ಲ ಗೊತ್ತು.

"ತೋಟ ಹೋಯ್ತು, ಮಿಸ್ ಆರ್ಡಿತ್. ಮಾತೂ ಹೋಗ್ಬೇಕಾ? ದುಡ್ಡು ಇಟ್ಕೊಂಡ್ಬಿಡು. ಯಾರಿಗೇನು ನಷ್ಟ?"

ಅವರ ಹೆಂಡತಿ ರಿಬ್ಬನ್ ಕತ್ತರಿಸುತ್ತಲೇ, "ಮಾತು ಹೋದ್ರೆ ನನಗೆ ಬಲು ಲಾಭ," ಎಂದರು.

ಅತ್ತೆ ನಕ್ಕಳು. "ನಂದಲ್ಲದ ದುಡ್ಡು ಇಟ್ಕೊಳ್ಳೋಕಾಗಲ್ಲ, ಮಿಸ್ಟರ್ ಡಾಲ್ಫ್. ವಾಪಸ್ ಕಳಿಸ್ತೀನಿ. ಕುರ್ಚಿ ವಿಷಯಾನೂ ಕಮಿಟಿಗೆ ಹೇಳ್ಬೇಕಾಗುತ್ತೆ. ಆದ್ರೆ ಮೀಟಿಂಗ್ ಮಾತ್ರ ತಪ್ಪಿಸ್ಬೇಡಿ."

ಡಾಲ್ಫ್ ಟೋಪಿ ಹಾಕಿಕೊಂಡು ಹೆಂಡತಿಯ ಪಕ್ಕ ಕೂತು ರಿಬ್ಬನ್ ಸುತ್ತತೊಡಗಿದರು. ಬರುತ್ತಾರೋ ಇಲ್ಲವೋ! ಮೀಟಿಂಗ್ ದಿನ ನಾನು ಬಾಗಿಲನ್ನೇ ನೋಡುತ್ತಿದ್ದೆ. ಬಂದರು, ಇಸ್ತ್ರಿ ಮಾಡಿದ ಶರ್ಟಿನಲ್ಲಿ. ಮೇಜಿನ ಹತ್ತಿರ ಅವರ ಕುರ್ಚಿ ಬೋಳಾಗಿತ್ತು. ದಿಂಬು ಗೋಡೆ ಪಕ್ಕದಲ್ಲಿ, ಊರಿನ ಜನ ಕೂರುವ ಸಾಲಿನ ಮೊದಲ ಕುರ್ಚಿಯ ಮೇಲಿತ್ತು. ಡಾಲ್ಫ್ ಅದನ್ನು ನೋಡಿದರು, ಅತ್ತೆಯನ್ನು ನೋಡಿದರು, ಕೂತರು.

ಅಧ್ಯಕ್ಷರು ಜಾಹೀರಾತಿನ ಖರ್ಚು ಓದಿ ಮುಗಿಸಿದ್ದರಷ್ಟೇ, ಗೋಡೆ ಕಡೆಯಿಂದ ಕೈ ಮೇಲೆದ್ದಿತು.

"ಪಬ್ಲಿಕ್ಕಿಗೆ ಮಾತಾಡೋ ಹಕ್ಕಿದೆ ತಾನೇ?"

"ಇದೆ ಡಾಲ್ಫ್," ಅಧ್ಯಕ್ಷರು ನಿಟ್ಟುಸಿರು ಬಿಟ್ಟರು. "ಸ್ವಲ್ಪ ಚಿಕ್ಕದಾಗಿ."

"ಮೇಜಲ್ಲಿ ಕೂತಿದ್ದಾಗ ಪಕ್ಕದವರ ಕಿವಿ ಮಾತ್ರ ಕಾಣ್ತಿತ್ತು ಕಣಯ್ಯಾ. ಇಲ್ಲಿಂದ ಎಲ್ಲರ ಮುಖಾನೂ ಕಾಣುತ್ತೆ. ಯಾರು ತೂಕಡಿಸ್ತಿದಾರೆ ಅಂತಾನೂ!"

ಚಿಕ್ಕದಾಗಿ ಅವರು ಮುಗಿಸಲೇ ಇಲ್ಲ. ಅತ್ತೆ ಒಂದು ಹಣ್ಣು ಕೊಯ್ದು ಅರ್ಧ ನನಗೆ ಕೊಟ್ಟು, ಕುರ್ಚಿಗೆ ಒರಗಿ ಕೇಳುತ್ತಾ ಕೂತಳು.