ಗೋಡೆಯಾಚೆಯ ತಂಗಿ

ನಮ್ಮ ಬೀದಿಯವರಿಗೆಲ್ಲ ಅವಳು ಟೈಲರಕ್ಕ. ಗಂಡ ಗಾರೆ ಕೆಲಸದ ಮೇಸ್ತ್ರಿ. ಅವಳು ಮದುವೆಯಾಗಿ ಬಂದಾಗ ಊರು ಇಲ್ಲಿಗೇ ಮುಗಿಯುತ್ತಿತ್ತು. ನಮ್ಮ ಬೀದಿಯಿಂದ ಒಂದು ಓಣಿ ಹಿಂದಿನ ಬೀದಿಗೆ ಹೋಗುತ್ತಿತ್ತು. ಆ ಓಣಿಯ ಬಾಯಲ್ಲೇ ಅವಳ ಅಂಗಡಿ. ಕೆಲಸಕ್ಕೆ ಹೋಗುವವರು, ಶಾಲೆಯ ಮಕ್ಕಳು, ನೀರಿನ ಕ್ಯಾನ್ ಹೊತ್ತವರು ಎಲ್ಲ ಅಲ್ಲೇ ಹಾಯಬೇಕು. ಹಾಯುವಾಗ ಕಿತ್ತ ಗುಂಡಿಯೋ ಸಡಿಲ ಸೊಂಟಪಟ್ಟಿಯೋ ನೆನಪಾಗುತ್ತಿತ್ತು. "ನಾನೇನು ಗಿರಾಕಿ ಹುಡ್ಕಲ್ಲ, ಓಣೀನೇ ತಂದು ಬಿಸಾಕುತ್ತೆ" ಎಂದು ನಗುತ್ತಿದ್ದಳು.

ಟೈಲರಕ್ಕನ ತಂಗಿಗೆ ಚಿಕ್ಕಂದಿನಿಂದ ಉಬ್ಬಸ. ಅವಳಿಗೆ ಗಂಡು ನೋಡುವಾಗ ಅಮ್ಮನದು ಒಂದೇ ಹಟ, ಅಕ್ಕನ ಮನೆ ಹತ್ತಿರವಿರಬೇಕು. ಹಿಂದಿನ ಬೀದಿಯಲ್ಲಿ, ಓಣಿ ದಾಟಿದೊಡನೆ ಸಿಗುವ ಮನೆಯಲ್ಲಿ, ಕಾರ್ಖಾನೆಯ ಫಿಟ್ಟರ್ ಒಬ್ಬ ಸಿಕ್ಕ. ಮದುವೆಯೂ ಆಯಿತು. ನಮ್ಮ ಬೀದಿಯ ತುದಿಯಲ್ಲೇ ಒಂದು ಸಣ್ಣ ಆಸ್ಪತ್ರೆ. ತಂಗಿಗೆ ಉಸಿರು ಕಟ್ಟಿದರೆ ಅಕ್ಕ ಕತ್ತರಿ ಕೆಳಗಿಟ್ಟು ಓಡುತ್ತಿದ್ದಳು. ಇಬ್ಬರೂ ಕೈಕೈ ಹಿಡಿದು ಆಸ್ಪತ್ರೆಗೆ ನಡೆದುಕೊಂಡೇ ಹೋಗಿ, ಮೂಗಿಗೆ ಆವಿ ಹಿಡಿಸಿಕೊಂಡು, ಮಾತಾಡುತ್ತ ವಾಪಸು ಬರುತ್ತಿದ್ದರು.

ಊರು ಬೆಳೆಯಿತು. ಹಿಂದಿನ ಬೀದಿಯ ಹಳೆಯ ಮನೆಗಳು ಒಂದೊಂದಾಗಿ ಬಿದ್ದು ದೊಡ್ಡ ಮನೆಗಳೆದ್ದವು. ಅದರಾಚೆಯ ಹೊಲಗಳೂ ಸೈಟುಗಳಾದವು. ಅಲ್ಲಿಗೆ ಬಂದವರು ಸಂಘ ಕಟ್ಟಿಕೊಂಡು ಹೆದ್ದಾರಿಯ ಕಡೆಗೆ ಗೇಟು ನಿಲ್ಲಿಸಿದರು. ಒಂದೆರಡು ಕಳ್ಳತನವಾದದ್ದೇ ನೆಪ, ಓಣಿಗೆ ಗೋಡೆ ಹಾಕಬೇಕೆಂದರು. ಗೋಡೆ ಕಟ್ಟಲು ಅವರು ಕರೆದದ್ದು ನಮ್ಮ ಮೇಸ್ತ್ರಿಯನ್ನೇ. ಆ ವರ್ಷ ಅವನಿಗೆ ಬೇರೆ ಕೆಲಸವಿರಲಿಲ್ಲ.

"ನೀವು ಒಲ್ಲೆ ಅನ್ನಬಾರ್ದಾ?" ಎಂದಳು ಟೈಲರಕ್ಕ.

"ನಾನು ಒಲ್ಲೆ ಅಂದ್ರೆ ಗೋಡೆ ಏಳೋದು ನಿಲ್ಲುತ್ತೇನೇ? ಇನ್ನೊಬ್ಬ ಕಟ್ತಾನೆ."

"ಕಟ್ಲಿ. ಅದು ಬೇರೆ ಮಾತು."

ಮೇಸ್ತ್ರಿ ಮಾರನೆಯ ದಿನ ಕರಣೆ ಹಿಡಿದು ಹೋದ. ಕೆಲಸದಲ್ಲಿ ಮೋಸ ಮಾಡಿ ಅವನಿಗೆ ಗೊತ್ತಿರಲಿಲ್ಲ. ಆಳವಾಗಿ ಪಾಯ ತೋಡಿದ, ಸಿಮೆಂಟು ಹದವಾಗಿ ಕಲಸಿದ, ಸಂಜೆ ಸಂಜೆ ನೀರು ಹೊಡೆದ. ಗೋಡೆಯ ತಲೆಯ ಮೇಲೆ ಗಾಜಿನ ಚೂರು ನೆಟ್ಟವರು ಮಾತ್ರ ಬೇರೆಯವರು.

ಅಂದಿನಿಂದ ತಂಗಿಯ ಮನೆಗೆ ಹೋಗುವುದೆಂದರೆ ತಲೆ ಸುತ್ತಿ ಮೂಗು ಹಿಡಿದ ಹಾಗೆ. ಬೀದಿಯ ಇನ್ನೊಂದು ತುದಿಗೆ ಹೋಗಿ ಬಸ್ಸು ಹತ್ತಬೇಕು. ದೊಡ್ಡ ರಸ್ತೆಯ ನಡುವೆ ಕಟ್ಟೆ, ಬಸ್ಸು ಮೇಲ್ಸೇತುವೆ ದಾಟಿ ಎಲ್ಲೋ ಹೋಗಿ ತಿರುಗಬೇಕು. ಹೆದ್ದಾರಿಯಲ್ಲಿ ಇಳಿದು ಇನ್ನೊಂದು ಬಸ್ಸು, ಆಮೇಲೆ ಗೇಟಿನಲ್ಲಿ ಯಾರು, ಯಾಕೆ, ಯಾವ ಮನೆ. ಹೋಗಿ ಬರುವಷ್ಟರಲ್ಲಿ ಒಂದು ದಿನದ ಹೊಲಿಗೆ ಹಾಳು. ಹೀಗಾಗಿ ಅಕ್ಕತಂಗಿಯರು ಗೋಡೆಯ ಎರಡು ಬದಿ ನಿಂತು ಮಾತಾಡತೊಡಗಿದರು.

"ಗೋಡೆಗೆ ಕಿವಿ ಇರುತ್ತೆ ಅಂತಾರಲ್ಲಕ್ಕಾ, ದೇವರು ಒಂದು ಬಾಯೂ ಕೊಟ್ಟಿದ್ರೆ ನುಗ್ಗಿ ಬರ್ತಿದ್ದೆ" ಎಂದು ತಂಗಿ ಆ ಕಡೆಯಿಂದ ನಗುವಳು. ನಕ್ಕರೆ ಕೆಮ್ಮು ಬರುವುದು. ಕೆಮ್ಮು ನಿಲ್ಲುವವರೆಗೆ ಅಕ್ಕ ಈ ಕಡೆ ಉಸಿರು ಬಿಗಿಹಿಡಿದು ನಿಲ್ಲುವಳು.

ಓಣಿ ಮುಚ್ಚಿದ ಮೇಲೆ ಅಂಗಡಿಯೂ ಸೊರಗಿತು. ಅತ್ತ ಹೋಗುವವರೇ ಇಲ್ಲದ ಮೇಲೆ ಗುಂಡಿ ಹಾಕಿಸುವವರು ಯಾರು? ಓಣಿಯಲ್ಲಿ ಕಸ ಬಿತ್ತು, ಕಸಕ್ಕೆ ನಾಯಿಗಳು ಬಂದವು.

ಒಂದು ದಿನ ಬೆಳಗಿನ ತಿಂಡಿ ಮುಗಿಯುತ್ತಿದ್ದ ಹಾಗೆ ಆ ಕಡೆಯಿಂದ ತಂಗಿಯ ಮಗಳ ಕೂಗು ಕೇಳಿಸಿತು. "ದೊಡ್ಡಮ್ಮಾ! ಅಮ್ಮಂಗೆ ಉಸಿರೇ ಬರ್ತಿಲ್ಲ! ಔಷಧಿ ಕೊಟ್ಟೆ, ಏನೂ ಆಗ್ತಿಲ್ಲ!"

ಫಿಟ್ಟರ್ ಕೆಲಸಕ್ಕೆ ಹೋಗಿದ್ದ. ಆಂಬುಲೆನ್ಸ್ ನಮ್ಮ ಬೀದಿಯ ಆಸ್ಪತ್ರೆಯಿಂದಲೇ ಹೊರಟಿತು, ಆದರೆ ಅದೂ ಮೇಲ್ಸೇತುವೆ ಸುತ್ತಿಯೇ ಹೋಗಬೇಕಲ್ಲ. ಅದಕ್ಕೆ ಕಾಯಲಾರದೆ ಮಗಳು ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕದ ಮನೆಯ ಕೆಲಸದವಳ ಜೊತೆ ಎತ್ತಿಕೊಂಡು ಗೋಡೆಯ ಬುಡಕ್ಕೆ ತಂದಳು. ಗಾಜಿನ ಮೇಲೆ ಹೇಗೆ ದಾಟಿಸುವುದು?

"ರೀ, ಒಡೀರೀ!" ಎಂದು ಟೈಲರಕ್ಕ ಕಿರುಚಿದಳು.

ಮೇಸ್ತ್ರಿ ಆಗಲೇ ಸುತ್ತಿಗೆ ತಂದಿದ್ದ. ಮೈಯೆಲ್ಲ ಬೆವರು ಸುರಿಯುವಂತೆ ಹೊಡೆದ. ಗೋಡೆ ಜಗ್ಗಲಿಲ್ಲ. "ಹಾಳಾದ್ದು, ಹಾಳಾದ್ದು" ಎಂದು ತನ್ನ ಕೈಕೆಲಸವನ್ನೇ ಬೈಯುತ್ತ ಹೊಡೆದ. ಬೀದಿಯವರು ಇಬ್ಬರು ಹಾರೆ ತಂದು ಸೇರಿಕೊಂಡರು. ಕೊನೆಗೆ ಒಂದು ಇಟ್ಟಿಗೆ ಕಿತ್ತು ಬಂತು, ಪಕ್ಕದ್ದು ಅರ್ಧ ಮುರಿಯಿತು. ಟೈಲರಕ್ಕ ಗಂಡನನ್ನು ಪಕ್ಕಕ್ಕೆ ದೂಡಿ ಆ ತೂತಿನಲ್ಲಿ ತೋಳು ತೂರಿಸಿದಳು. ತಂಗಿಯ ಕೈ ಸಿಕ್ಕಿತು. ತಣ್ಣಗಿತ್ತು, ಆದರೆ ಬೆರಳುಗಳು ಹಿಡಿದುಕೊಂಡವು.

"ಇಲ್ಲೇ ಇದೀನಿ ಕಣೇ. ಬಂದ್ಬಿಡ್ತಾರೆ. ಮೆಲ್ಲಗೆ ಉಸಿರು ತಗೋ."

ಮೇಸ್ತ್ರಿ ತೂತಿನ ಪಕ್ಕದಲ್ಲಿ ಹೊಡೆಯುತ್ತಲೇ ಇದ್ದ. ಆಮೇಲೆ ಅವಳು, "ಸಾಕು ಬಿಡ್ರೀ" ಎಂದಳು. ದನಿ ಎಷ್ಟು ಮೆಲ್ಲಗಿತ್ತೆಂದರೆ ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

ಆಂಬುಲೆನ್ಸ್ ಬಂದಾಗ ಮಾಡುವುದೇನೂ ಉಳಿದಿರಲಿಲ್ಲ. ಒಡಹುಟ್ಟಿದವಳ ಮುಖ ನೋಡಲು ಟೈಲರಕ್ಕ ಎರಡು ಬಸ್ಸು ಹಿಡಿದಳು. ಗೇಟಿನವನು ಅಂದೂ ಕೇಳಿದ, "ಯಾವ ಮನೆಗಮ್ಮಾ?"

ಸಂಘದವರು ಸಾವಿಗೆ ಬಂದು ತಲೆ ತಗ್ಗಿಸಿ ನಿಂತರು, ಒಳ್ಳೆಯ ಮಾತನ್ನೇ ಆಡಿದರು. ವಾರ ಕಳೆದ ಮೇಲೆ ತೂತು ಮುಚ್ಚಲು ಆಳು ಕಳಿಸಿದರು. ಮೇಸ್ತ್ರಿ ಅಡ್ಡ ಹೋಗಲಿಲ್ಲ. ಮನೆಯೊಳಗೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಅವನು ಮತ್ತೆ ಕರಣೆ ಮುಟ್ಟಲಿಲ್ಲ. ಹೆಂಡತಿ ಒಂದು ದಿನವೂ ಅವನನ್ನು ಹಂಗಿಸಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದನೇನೋ. ಅನ್ನ ಬಡಿಸಿ ಎದ್ದು ಹೋಗುತ್ತಿದ್ದಳು.

ಫಿಟ್ಟರ್ ಮನೆ ಮಾರಿದ. ಆ ಹೊತ್ತಿಗೆ ಕಾರ್ಖಾನೆಯೂ ಊರಾಚೆಗೆ ಹೋಗಿತ್ತು. ಅದರ ಹಿಂದೆಯೇ ಮಗಳನ್ನು ಕರೆದುಕೊಂಡು ಹೊಸ ಬಡಾವಣೆಯೊಂದಕ್ಕೆ ಹೋದ. ಟೈಲರಕ್ಕ ಅಂಗಡಿ ಎತ್ತಿಬಿಟ್ಟು ದೂರದ ಬಟ್ಟೆ ಕಾರ್ಖಾನೆಗೆ ಸೇರಿದಳು. ಅಲ್ಲಿ ಅವಳಿಗೆ ಕಾಲರ್ ಹೊಲಿಯುವ ಕೆಲಸ. ಇಡೀ ಅಂಗಿ ಕಣ್ಣಿಗೇ ಬೀಳುವುದಿಲ್ಲ.

ಒಮ್ಮೆ ರಜೆಯ ದಿನ ತಂಗಿಯ ಮಗಳು ನೋಡಲು ಬಂದಳು. ಬಸ್ಸಿನಲ್ಲಿ ಕೂತು ಕೂತು ಮುಖ ಬಾಡಿತ್ತು. ಊಟ ಮಾಡಿದವಳೇ ಚಾಪೆಯ ಮೇಲೆ ನಿದ್ದೆ ಹೋದಳು. ಎದ್ದಾಗ ಬಿಸಿಲು ಇಳಿದಿತ್ತು, ಹೊರಡಲೇಬೇಕು.

"ಅಲ್ಲಿ ಹೇಗಿದೆ ಕಂದಾ?"

"ಮನೆ ಚೆನ್ನಾಗಿದೆ ದೊಡ್ಡಮ್ಮಾ. ನಮ್ಮ ಬೀದಿ ಮಾತ್ರ ಮುಂದಕ್ಕೆ ಹೋಗಲ್ಲ. ಕೊನೇಲಿ ಗೋಡೆ."

"ಆಚೆ ಯಾರಿದ್ದಾರೆ?"

"ಗೊತ್ತಿಲ್ಲ. ಒಂದು ಮಗು ಅಳೋದು ಕೇಳಿಸುತ್ತೆ."

ಟೈಲರಕ್ಕ ಹುಡುಗಿಯ ಜಡೆ ಬಿಚ್ಚಿ, ಸಿಕ್ಕು ಬಿಡಿಸಿ, ಬಿಗಿಯಾಗಿ ಹೆಣೆದಳು. ಬಸ್ಸು ನಿಲ್ಲುವಲ್ಲಿಗೆ ಇಬ್ಬರೂ ನಡೆದರು. ಬಸ್ಸು ತುಂಬಿ ಬಂತು. ಹುಡುಗಿ ಬಾಗಿಲ ಬಳಿ ಹೇಗೋ ಜಾಗ ಮಾಡಿಕೊಂಡು ಹತ್ತಿದಳು. ತಿರುಗಿ ಕೈ ಬೀಸಲು ಅವಳಿಗೆ ಆಗಲಿಲ್ಲ.